ಆರುನೂರ ಹನ್ನೆರಡನೇ ನಂಬರಿನ ಹೊಳೆ

ನಮ್ಮ ಅಂಗಡಿಗೆ ಬಂದವರು ಕೂರುವ ಮೊದಲೇ ಫೈಲು ಕೇಳುತ್ತಿದ್ದರು. ಹೆಸರು ಯಾವ ಅಕ್ಷರದಲ್ಲಿರಬೇಕು, ಫೋನ್ ನಂಬರು ಎಲ್ಲಿ ಬರಬೇಕು ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ‘ಬ್ಯಾಗ್ರೌಂಡು’ ಆರಿಸಬೇಕು. ಆ ಫೈಲನ್ನು ಕೂಡಿಸಿದವಳು ನಾನೇ. ಬೆಂಗಳೂರಿನಿಂದ ತರಿಸಿದ ಒಂದು ಸಿ.ಡಿ.ಯಲ್ಲಿ ಸಾವಿರ ಹಿನ್ನೆಲೆ ಚಿತ್ರಗಳಿದ್ದವು. ಮುಳುಗುವ ಸೂರ್ಯ, ಹಿಮದ ಬೆಟ್ಟ, ಹೂವಿನ ಹೊಲ, ಬೆಂಕಿಯ ನಾಲಿಗೆ, ಓಡುವ ಕುದುರೆ, ಹೀಗೆ ಲೋಕದಲ್ಲಿ ಇರುವುದೆಲ್ಲ ಅದರಲ್ಲಿತ್ತು, ನಮ್ಮ ಕಡೆಯದೊಂದನ್ನು ಬಿಟ್ಟು. ಒಂದೊಂದನ್ನೂ ಬೆಂಕಿಪೊಟ್ಟಣದಷ್ಟಗಲ ಪ್ರಿಂಟು ತೆಗೆದು, ಕೆಳಗೆ ನಂಬರು ಬರೆದು, ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸಿ ಇಟ್ಟಿದ್ದೆ. ಗಿರಾಕಿಗಳು ಮದುವೆ ಸೀರೆ ಆರಿಸುವಷ್ಟು ಹೊತ್ತು ಆ ಹಾಳೆಗಳನ್ನು ತಿರುವುತ್ತಿದ್ದರು.

ಅಂಗಡಿ ಇದ್ದದ್ದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೆಳಗೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಗಾಡಿಗಳ ಮೇಲೆ, ಅಂಗಡಿಗಳ ಮುಂದೆ ಕುಂಚದಿಂದ ಬರೆಯುವ ಕಾಲ ಮುಗಿಯುತ್ತಾ, ಕಂಪ್ಯೂಟರಿನಲ್ಲಿ ಮಾಡಿ ಸ್ಟಿಕ್ಕರ್ ಅಂಟಿಸುವ ಕಾಲ ಶುರುವಾಗುತ್ತಿತ್ತು. ಅಂಗಡಿ ನನ್ನ ಸೋದರಮಾವನದು, ಅಮ್ಮನ ಅಣ್ಣ. ಹರಿಹರದವನು, ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಮೂವತ್ತು ವರ್ಷ ಬೋರ್ಡು, ಲಾರಿ, ಟ್ರ್ಯಾಕ್ಟರ್ ಟ್ರೇಲರು ಬರೆದ ಕೈ. ನಾನು ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕೋರ್ಸು ಮಾಡಿ ಮನೆಯಲ್ಲಿ ಕೂತಿದ್ದಾಗ ಮಾಮನೇ ಬಂದು ಕರೆದ. ಕಂಪ್ಯೂಟರು ತಾನೇ ಕೊಂಡಿದ್ದ, ಅಕ್ಷರ ಕತ್ತರಿಸುವ ಮಿಷನ್ನೂ ಕೊಂಡಿದ್ದ. ಯಾರೋ ಬಂದು ತನ್ನ ಕೆಲಸ ಕಿತ್ತುಕೊಳ್ಳುವ ಬದಲು ತಾನೇ ಅದನ್ನು ಮನೆಗೆ ಕರೆದುಕೊಂಡರೆ ಮರ್ಯಾದೆ ಉಳಿಯುತ್ತದೆ ಅಂತ ಅವನ ಲೆಕ್ಕ. ಮಾಮನ ಬಗ್ಗೆ ನನಗೆ ಮೊದಲಿನಿಂದಲೂ ಪ್ರೀತಿ, ಆದರೆ ಆ ಲೆಕ್ಕ ಕೇಳಿದ ದಿನ ಅವನ ಮೇಲೆ ಗೌರವವೂ ಬಂತು.

ನಮ್ಮ ಕೆಲಸದ ರೀತಿಯೇ ಒಂದು ತಮಾಷೆ. ಅಕ್ಷರಗಳನ್ನು ಇಲ್ಲೇ ಕತ್ತರಿಸುತ್ತಿದ್ದೆವು. ಬಣ್ಣದ ದೊಡ್ಡ ಪ್ರಿಂಟು ಊರಲ್ಲಿ ಆಗುತ್ತಿರಲಿಲ್ಲ, ಬೆಂಗಳೂರಿಗೇ ಹೋಗಬೇಕು. ಅಷ್ಟು ದೊಡ್ಡ ಚಿತ್ರ ಫ್ಲಾಪಿಯಲ್ಲಿ ಹಿಡಿಯುವುದಿಲ್ಲ. ಆದರೆ ನಮ್ಮಲ್ಲಿದ್ದ ಸಿ.ಡಿ.ಯೇ ಪ್ರಿಂಟಿನವರ ಹತ್ತಿರವೂ ಇತ್ತು. ಹಾಗಾಗಿ ಅಳತೆ, ಅಕ್ಷರ ಮತ್ತು ಹಿನ್ನೆಲೆಯ ನಂಬರು ಇಷ್ಟನ್ನು ಒಂದು ಫ್ಲಾಪಿಗೆ ಹಾಕಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಸಾಕು, ನಾಲ್ಕು ದಿನ ಬಿಟ್ಟು ಸೂರ್ಯನೋ ಬೆಟ್ಟವೋ ಸುರುಳಿ ಸುತ್ತಿಕೊಂಡು ಅದೇ ಬಸ್ಸಿನಲ್ಲಿ ಬಂದು ಇಳಿಯುತ್ತಿತ್ತು. ಅದನ್ನು ಗಾಡಿಗೆ ಅಂಟಿಸುವುದು ಮಾಮನ ಪಾಲು. ಸೋಪಿನ ನೀರು ಚಿಮುಕಿಸಿ, ಸ್ಟಿಕ್ಕರ್ ಹರಡಿ, ಹಳೆಯ ಹವಾಯಿ ಚಪ್ಪಲಿಯ ತುಂಡಿನಿಂದ ನಡುವಿನಿಂದ ಅಂಚಿಗೆ ತಳ್ಳುತ್ತಾ ನೀರು ತೆಗೆಯುತ್ತಿದ್ದ. ಗುಳ್ಳೆ ಉಳಿದರೆ ಸೂಜಿ.

ತಪ್ಪುಗಳನ್ನೂ ಧಾರಾಳವಾಗಿ ಮಾಡಿದ್ದೇವೆ. ನಾನು ಮಾಡಿದ ಮೊದಲ ವ್ಯಾನಿನ ಎರಡೂ ಪಕ್ಕಕ್ಕೆ ಒಂದೇ ಕುದುರೆ ಚಿತ್ರ ಕಳಿಸಿದ್ದೆ. ಒಂದು ಪಕ್ಕಕ್ಕೆ ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಬೇಕು ಅಂತ ಯಾರು ಹೇಳಬೇಕು? ಎಡಗಡೆ ಕುದುರೆಗಳು ಮುಂದಕ್ಕೆ ಓಡುತ್ತಿದ್ದವು, ಬಲಗಡೆ ಹಿಂದಕ್ಕೆ. ಗಾಡಿಯ ಮಾಲೀಕರು ಒಂದು ಸುತ್ತು ಹಾಕಿ, ನನ್ನ ಗಾಡಿ ಈ ಕಡೆಯಿಂದ ರಿವರ್ಸ್ ಹೊಂಟೈತಲ್ಲವ್ವಾ ಅಂದರು. ಮಾಯಕೊಂಡದ ಅಕ್ಕಿ ವ್ಯಾಪಾರಿಯೊಬ್ಬರಿಗೆ ಬಂಗಾರದ ಬಣ್ಣದ ಬೆಳೆಯ ಚಿತ್ರ ಹಾಕಿಕೊಟ್ಟಿದ್ದೆವು. ಅದು ಭತ್ತವಲ್ಲ, ಪರದೇಶದ ಗೋಧಿ ಅಂತ ರೈತನೊಬ್ಬ ಹೇಳುವವರೆಗೆ ಒಂದು ವರ್ಷ ಅವರ ಗಾಡಿ ಅಕ್ಕಿ ಹೊತ್ತು ತಿರುಗಿತು. ಸೂರ್ಯಕಾಂತಿಯ ಹೊಲವನ್ನು ಒಂದು ಉಪ್ಪಿನಕಾಯಿ ವ್ಯಾನೂ ಒಂದು ಶಿಶುವಿಹಾರದ ವ್ಯಾನೂ ಆರಿಸಿಕೊಂಡು, ಎರಡೂ ಒಂದೇ ಕಲ್ಯಾಣ ಮಂಟಪದ ಮುಂದೆ ಎದುರುಬದುರು ನಿಂತ ದಿನ ಉಪ್ಪಿನಕಾಯಿಯವರು ನಮ್ಮ ಮೇಲೆ ಜಗಳಕ್ಕೇ ಬಂದರು. ಮಾಮ ಅವರಿಗೆ ಚಹಾ ತರಿಸಿ, ಒಂದೇ ಅಂಗಡಿಯಲ್ಲಿ ಬಟ್ಟೆ ತಗೊಂಡವರು ಒಂದೇ ಬಣ್ಣ ಉಟ್ಟು ಎದುರಾಗುವುದಿಲ್ಲವೇ ಅಂತ ಸಮಾಧಾನ ಮಾಡಿ ಕಳಿಸಿದ. ನನಗಾಗಿದ್ದರೆ ಅಷ್ಟು ತಾಳ್ಮೆ ಇರುತ್ತಿರಲಿಲ್ಲ. ನನ್ನದು ಆಗಲೂ ಮೂಗಿನ ತುದಿಯ ಕೋಪ, ಈಗಲೂ ಅದೇ.

ಹಿನ್ನೆಲೆಯ ವಿಷಯದಲ್ಲಿ ಮಾಮನಿಗೆ ಅವನದೇ ಕಟ್ಟುನಿಟ್ಟಿತ್ತು. ಹಿನ್ನೆಲೆ ಅಂದಮೇಲೆ ಅದು ಹಿಂದೆ ನಿಲ್ಲಬೇಕು, ಅಕ್ಷರದ ಮುಂದೆ ಬಂದು ಕುಣಿಯಬಾರದು ಅನ್ನುತ್ತಿದ್ದ. ಕುದುರೆಯ ಮುಖ ಡೀಸೆಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರಬಾರದು. ಬಾಗಿಲು ಸರಿಸಿದಾಗ ಅರ್ಧ ಸೂರ್ಯ ಮಾಯವಾಗಬಾರದು. ಪೂರ್ತಿ ಅಂಟಿಸಿದ ಮೇಲೆ ರಸ್ತೆಯ ಆಚೆ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸುವವರೆಗೆ ಗಾಡಿ ಬಿಡುತ್ತಿರಲಿಲ್ಲ. ಸಿ.ಡಿ.ಯ ಚಿತ್ರಗಳನ್ನು ಅವನು ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಎಲ್ಲಿಯದೋ ಯಾರೋ ತೆಗೆದಿದ್ದು, ನೋಡಿದವರೇ ತೆಗೆದಿರಬೇಕು ಅಂತ ಒಮ್ಮೆ ಅಂದದ್ದು ನೆನಪಿದೆ.

ಮಾಮನಿಗೂ ಕೈಯಲ್ಲಿ ಬರೆಯುವ ಒಂದು ಹಿನ್ನೆಲೆ ಇತ್ತು. ಒಂದೇ ಒಂದು. ಹರಿಹರದ ಸುತ್ತಮುತ್ತ ಅದನ್ನು ‘ಹರಿಹರದ ಹೊಳೆ’ ಅಂತಲೇ ಕರೆಯುತ್ತಿದ್ದರು. ಲಾರಿಯ ಹಿಂಬದಿಯಲ್ಲಿ, ಟ್ರೇಲರಿನ ಹಲಗೆಯ ಮೇಲೆ, ಹೋಟೆಲಿನ ಗೋಡೆಯ ಮೇಲೆ, ಎಲ್ಲಿ ನೋಡಿದರೂ ಅದೇ. ನಾನು ಚಿಕ್ಕವಳಿದ್ದಾಗ ಅವನು ಬರೆಯುವುದನ್ನು ನೋಡುತ್ತಾ ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಕೂತಿದ್ದೇನೆ. ಪೆನ್ಸಿಲ್ ಗೆರೆ ಎಳೆಯುತ್ತಲೇ ಇರಲಿಲ್ಲ. ಮೇಲಿನಿಂದ ಆಕಾಶ ಶುರು ಮಾಡಿ, ಅದರ ಕೆಳಗೆ ನೀಲಿ ಬೆಟ್ಟ, ಬೆಟ್ಟದ ಕೆಳಗೆ ಅಗಲವಾದ ನೀರು, ದಂಡೆಯಲ್ಲಿ ಕೆಂಪು ಹೆಂಚಿನ ಮನೆ, ಎರಡು ತೆಂಗಿನ ಮರ, ನೀರಿನಲ್ಲಿ ಬಿಳಿ ಹಾಯಿಯ ದೋಣಿ. ಲಾರಿಯ ಹಿಂಬದಿಗಾದರೆ ಎರಡು ತಾಸಿನಲ್ಲಿ ಹೊಳೆ ತಯಾರು.

ಆ ಚಿತ್ರದಲ್ಲಿ ಜನ ಏನೇನು ಕಂಡುಕೊಂಡಿದ್ದರು ಅಂತ ನೆನೆದರೆ ಈಗಲೂ ನಗು ಬರುತ್ತದೆ. ಆ ಹೆಂಚಿನ ಮನೆ ನೀರಾವರಿಯವರ ಬಂಗಲೆ ಅಂತ ಕೆಲವರು, ಇನ್ಯಾರೋ ಸಾಹುಕಾರರ ತೋಟದ ಮನೆ ಅಂತ ಕೆಲವರು. ನಮ್ಮ ಹೊಳೆಯಲ್ಲಿ ತಿರುಗುವುದು ಬುಟ್ಟಿಯ ಹಾಗಿನ ದುಂಡು ತೆಪ್ಪ, ಹಾಯಿ ದೋಣಿಯನ್ನು ಯಾರೂ ಕಂಡವರಲ್ಲ. ಆದರೂ ಆ ದೋಣಿಯನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಹರಿಹರಕ್ಕೆ ಹೋದಾಗಲೆಲ್ಲ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಹೊಳೆ ನೋಡುತ್ತಿದ್ದೆ, ಬೆಟ್ಟ ಎಲ್ಲಿ ಅಂತ ಒಂದು ದಿನವೂ ಹುಡುಕಲಿಲ್ಲ.

ಕಂಪ್ಯೂಟರು ಬಂದ ಮೇಲೆ ಮಾಮನ ಕುಂಚಗಳಿಗೆ ಕೆಲಸ ತಪ್ಪಿತು. ತಿಂಗಳುಗಟ್ಟಲೆ ಸೋಪಿನ ನೀರು, ಚಪ್ಪಲಿ ತುಂಡು ಇಷ್ಟೇ. ಆದರೆ ಯಾರಾದರೂ ಹಳಬರು ಸಿಕ್ಕಾಗ, ನಿಮ್ಮ ಹೊಳೆ ಬರೆದ ಲಾರಿ ಎಲ್ಲೋ ಘಾಟಿನಲ್ಲಿ ಕಂಡೆ, ನಮ್ಮೂರೇ ಎದುರಿಗೆ ಬಂದಂಗಾತು ಅಂದರೆ ಅವನ ಮುಖ ನೋಡಬೇಕು. ಆ ದಿನವೆಲ್ಲ ಸಿಳ್ಳೆ ಹಾಕಿಕೊಂಡು ಗುಳ್ಳೆ ಚುಚ್ಚುತ್ತಿದ್ದ. ಹರಿಹರಕ್ಕೆ ಒಂದು ಹೊಳೆ ಬರೆದುಕೊಟ್ಟವನು ಅನ್ನುವ ಹೆಸರೊಂದು ಉಳಿದಿತ್ತು ಅವನಿಗೆ, ಉಳಿದದ್ದನ್ನೆಲ್ಲ ತಾನೇ ಕೈಯಾರೆ ಕಂಪ್ಯೂಟರಿಗೆ ಬಿಟ್ಟುಕೊಟ್ಟಿದ್ದ.

ಹೀಗಿರುವಾಗ ಹೊಳೆ ದಂಡೆಯ ಸಾರಥಿ ಅನ್ನುವ ಊರಿನ ರೈತರೊಬ್ಬರು ಬಂದರು. ಐವತ್ತರ ಆಸುಪಾಸಿನ ಯಜಮಾನರು, ಬಿಳಿ ಅಂಗಿ, ಮಾತು ಕಡಿಮೆ. ಹರಿಹರಕ್ಕೆ ಜನ ಸಾಗಿಸಲು ಒಂದು ಮಿನಿ ಬಸ್ಸು ಕೊಂಡಿದ್ದರು. ಅವರಿಗೆ ಫೈಲು ಬೇಡ. ಬಸ್ಸಿನ ಎರಡೂ ಪಕ್ಕಕ್ಕೆ, ಈ ತುದಿಯಿಂದ ಆ ತುದಿಗೆ ಹರಿಹರದ ಹೊಳೆ ಬೇಕು. ಆದರೆ ಕುಂಚದ ಕೆಲಸಕ್ಕೆ ಹತ್ತು ದಿನ ಗಾಡಿ ನಿಲ್ಲಿಸಬೇಕಲ್ಲ, ಅದು ಆಗದು. ಒಂದೇ ದಿನದಲ್ಲಿ ಸ್ಟಿಕ್ಕರ್ ಅಂಟಿಸಿ ಕೊಡುತ್ತೀರಂತೆ, ಹಾಗೆ ಮಾಡಿ ಅಂದರು. ಆ ಹೊಳೆ ಕಂಪ್ಯೂಟರಿನಲ್ಲಿ ಇದೆಯೋ ಅಂತ ನನ್ನನ್ನೇ ಕೇಳಿದರು. ಹುಡುಕಿ ನೋಡುತ್ತೇನೆ, ಅದಕ್ಕೆ ಹತ್ತಿರದ್ದೇನಾದರೂ ಸಿಗಬಹುದು ಅಂದೆ. ಮುಂದಿನ ವಾರ ಬರುವುದಾಗಿ ಹೇಳಿ ಹೋದರು. ಮಾಮ ಬಾಗಿಲವರೆಗೆ ಹೋಗಿ ಕಳಿಸಿ ಬಂದ, ಅಷ್ಟು ಖುಷಿ ಅವನಿಗೆ.

ಅವತ್ತೇ ಮಧ್ಯಾಹ್ನ ಸಿ.ಡಿ. ಹಾಕಿ ಕೂತೆ. ಫೈಲಿಗೆ ಪ್ರಿಂಟು ತೆಗೆಯುವಾಗ ಸಾವಿರವನ್ನೂ ಕಣ್ಣಾಡಿಸಿದ್ದೆ ನಿಜ, ಆದರೆ ಬೆಂಕಿಪೊಟ್ಟಣದಷ್ಟಗಲದಲ್ಲಿ ಎಲ್ಲ ಕೆರೆಗಳೂ ಒಂದೇ. ಈಗ ಕೆರೆ, ನದಿ, ಸಮುದ್ರ ಇದ್ದದ್ದನ್ನೆಲ್ಲ ಒಂದೊಂದಾಗಿ ದೊಡ್ಡದು ಮಾಡುತ್ತಾ ಬಂದೆ. ಆರುನೂರ ಹನ್ನೆರಡು ತೆರೆದಾಗ ಮಾಮನ ಹೊಳೆ ಪರದೆಯ ಮೇಲೆ ಬಂದು ನಿಂತಿತು. ಅದೇ ಬೆಟ್ಟ, ಅದೇ ನೀರು, ಅದೇ ಜಾಗದಲ್ಲಿ ಕೆಂಪು ಸೂರಿನ ಮನೆ, ಅದೇ ಬಿಳಿ ಹಾಯಿ. ಬೆಟ್ಟದ ತಲೆಗೆ ಹಿಮ, ತೆಂಗಿನ ಮರದ ಜಾಗದಲ್ಲಿ ಚೂಪು ಚೂಪಾದ ಯಾವುದೋ ಚಳಿಯ ದೇಶದ ಮರ. ಉಳಿದದ್ದರಲ್ಲಿ ವ್ಯತ್ಯಾಸವಿಲ್ಲ. ಪರದೇಶದ ಯಾವುದೋ ಹೆಸರುವಾಸಿ ಸರೋವರ ಇರಬೇಕು, ಯಾರು ತೆಗೆದರೂ ಅಲ್ಲೇ ನಿಂತು ತೆಗೆಯುವ ಚಿತ್ರ.

ನನಗೆ ತಡೆಯಲಾರದ ನಗು ಬಂತು. ಮಾಮಾ, ನಿನ್ನ ಹೊಳೆ ಇಲ್ಲೈತೆ ಬಾ ಅಂತ ಕೂಗಿದೆ. ಮಾಮ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

“ಅಂದ್ರೆ ಇಷ್ಟು ವರ್ಷ ನೀನು ಕಾಪಿ ಹೊಡೀತಿದ್ದೇನು?” ಅಂದೆ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಆಮೇಲೆ ಹೋಗಿ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತುಬಿಟ್ಟ. ನನ್ನ ನಾಲಿಗೆ ಕಚ್ಚಿಕೊಂಡೆ. ಆ ಮಾತನ್ನು ವಾಪಸು ತಗೊಳ್ಳುವ ಹಾಗಿದ್ದರೆ ಈಗಲೂ ತಗೊಂಡೇನು.

ಆ ಬೆಂಚಿನ ಮೇಲೆ ಕೂತೇ ಅವನು ಎಲ್ಲ ಹೇಳಿದ. ಹದಿನೆಂಟು ವರ್ಷದವನಿದ್ದಾಗ ಅವನಿಗೆ ಕೆಲಸ ಕಲಿಸಿದ ಹರಿಹರದ ಪೇಂಟರ ಅಂಗಡಿಯಲ್ಲಿ ಒಂದು ಹಳೆಯ ಕ್ಯಾಲೆಂಡರಿತ್ತಂತೆ. ಅದನ್ನು ನೋಡಿಕೊಂಡೇ ಗುರುಗಳು ಬರೆಯುತ್ತಿದ್ದರು, ಅದನ್ನು ನೋಡಿಕೊಂಡೇ ಇವನೂ ಕಲಿತ. ಒಂದು ದಿನ ಲಾರಿಯೊಂದಕ್ಕೆ ಬರೆಯುವಾಗ ಬಿಳಿ ಬಣ್ಣ ಮುಗಿಯುತ್ತಾ ಬಂದಿತ್ತು, ಇದ್ದದ್ದನ್ನು ಹಾಯಿಗೆ ಉಳಿಸಿ, ಹಿಮ ಬಿಟ್ಟು ಬೆಟ್ಟವನ್ನೆಲ್ಲ ನೀಲಿ ಮಾಡಿದ. ಆ ಮರ ಏನಂತ ತಿಳಿಯದೆ ತೆಂಗು ನಿಲ್ಲಿಸಿದ. ಆ ಲಾರಿಯವರು ಬಂದು ನೋಡಿ, ಇದು ನಮ್ಮ ಹೊಳೆ ಹೌದಲ್ಲೋ ಅಂದರಂತೆ. ಹೌದು ಅಂದುಬಿಟ್ಟ. ಮೊದಲ ಸಲ ಅಂದದ್ದು ಸಂಕೋಚಕ್ಕೆ, ಆಮೇಲೆ ರೂಢಿಯಾಯಿತು, ಆಮೇಲೆ ತಾನೇ ನಂಬಿದ. ಅವನ ಮನೆಯಿಂದ ಹೊಳೆಗೆ ಎರಡು ಓಣಿ ದಾಟಿದರೆ ಆಯಿತು. ಒಂದು ದಿನವೂ ಅಲ್ಲಿ ಕೂತು ಬರೆದವನಲ್ಲ.

ಅವನಿಗೆ ಚಿಂತೆ ಹತ್ತಿದ್ದು ಆ ಸಾರಥಿಯ ಯಜಮಾನರದು. ವಾರ ಬಿಟ್ಟು ಬಂದವರು ಫೈಲು ತಿರುವಿದರೆ ಆರುನೂರ ಹನ್ನೆರಡು ಕಣ್ಣಿಗೆ ಬೀಳುತ್ತದೆ. ಆ ಒಂದು ಹಾಳೆ ತೆಗೆದಿಡೋಣ ಅಂದೆ. ಬೇಡ ಅಂದ. ಇಲ್ಲಿ ತೆಗೆದರೆ ಆಯಿತೇ, ಈ ಸಿ.ಡಿ. ನಾಳೆ ಎಲ್ಲರ ಅಂಗಡಿಗೂ ಬರುವುದಿಲ್ಲವೇ ಅಂತ ಕೇಳಿದ. ಅದೂ ನಿಜವೇ. ನಾನು ನನ್ನ ತಪ್ಪಿಗೆ ದಾರಿ ಹುಡುಕುವವಳ ಹಾಗೆ, ಹಾಗಿದ್ದರೆ ನಿಜವಾದ ಹೊಳೆಯನ್ನೇ ಬರಿ, ಅದು ಯಾವ ಸಿ.ಡಿ.ಯಲ್ಲೂ ಇರುವುದಿಲ್ಲ ಅಂದೆ. ಅವನು ಬೇಡ ಅಂತ ಕೈ ಆಡಿಸಿದ. ಎರಡು ದಿನ ಅದೇ ಮಾತು ತೆಗೆದು ಪೀಡಿಸಿ, ಭಾನುವಾರ ಬೆಳಿಗ್ಗೆ ನಾನೇ ಹರಿಹರಕ್ಕೆ ಹೋಗಿ ಅವನನ್ನು ಎಬ್ಬಿಸಿ ಹೊಳೆಗೆ ಕರೆದುಕೊಂಡು ಹೋದೆ.

ಬೇಸಿಗೆ ಶುರುವಾಗಿತ್ತು. ನೀರು ಒಂದು ಪಕ್ಕಕ್ಕೆ ಸರಿದು ತೆಳ್ಳಗೆ ಹರಿಯುತ್ತಿತ್ತು, ಉಳಿದ ಕಡೆಯೆಲ್ಲ ಮರಳು, ಕರಿ ಬಂಡೆ, ಅಲ್ಲಲ್ಲಿ ನಿಂತ ನೀರಿನ ಗುಂಡಿ. ಎಮ್ಮೆಗಳು ಕತ್ತಿನವರೆಗೆ ಮುಳುಗಿ ಕೂತಿದ್ದವು. ಪಂಪ್‌ಸೆಟ್ಟಿನ ಪೈಪು, ಕರೆಂಟು ಕಂಬ, ದೂರದಲ್ಲಿ ಸೇತುವೆ. ಮಾಮ ಒಂದು ಬಣ್ಣದ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡ. ಅರ್ಧ ತಾಸು ಒಂದು ಗೆರೆಯನ್ನೂ ಎಳೆಯಲಿಲ್ಲ. ಕೈ ತಾನಾಗಿಯೇ ಬೆಟ್ಟದ ಜಾಗಕ್ಕೆ ಹೋಗುತ್ತಿತ್ತು, ಎದುರಿಗೆ ಬೆಟ್ಟ ಇರಲಿಲ್ಲ.

“ಇಷ್ಟು ಬಯಲೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲವ್ವಾ,” ಅಂದ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹಾಳೆ ಬರೆದಿದ್ದ. ಮೊದಲ ಮೂರು ಹರಿದು ಹಾಕಿದ. ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟ. ಮರಳಿನ ಬಣ್ಣ, ಆ ತೆಳ್ಳನೆಯ ನೀರಿನ ಹೊಳಪು, ಬಿಸಿಲಿಗೆ ಹರವಿದ ಸೀರೆಗಳು, ಎಮ್ಮೆಯ ಬೆನ್ನಿನ ಮೇಲಿನ ಕೊಕ್ಕರೆ, ಎಲ್ಲ ಇತ್ತು. ಈ ಮನುಷ್ಯ ಇಷ್ಟು ಬಲ್ಲವನು ಅಂತ ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಹೇಳಿದ ದಿನಕ್ಕೆ ಯಜಮಾನರು ಬಂದರು. ಮಾಮ ಆ ಹಾಳೆಯನ್ನು ಮೇಜಿನ ಮೇಲೆ ಹರಡಿದ. ಅವರು ಬಗ್ಗಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು.

“ಚೆನ್ನಾಗೈತ್ರಿ,” ಅಂದರು. “ಇದು ಯಾವೂರು?”

ಹೊಳೆಯ ದಂಡೆಯ ಊರಿನಲ್ಲೇ ಹುಟ್ಟಿ ಬೆಳೆದವರು ಕೇಳಿದ ಮಾತು ಇದು. ನನ್ನ ತಲೆ ಕಾದು ಹೋಯಿತು. ಇದೇ ನಿಮ್ಮ ಹೊಳೆ, ಕಣ್ಣು ಬಿಟ್ಟು ನೋಡಿ ಅಂತ ಹೇಳಲು ಬಾಯಿ ತೆರೆದಿದ್ದೆ, ಮಾಮ ಕಣ್ಣಲ್ಲೇ ತಡೆದ. ಅವರು ಮಾತ್ರ ಏನೂ ಆಗದವರಂತೆ, ನಮ್ಮ ಹೊಳೆ ಸಿಗಲಿಲ್ಲವೇ, ಬೆಟ್ಟ, ಮನೆ, ದೋಣಿ ಇರುವುದು ಅಂತ ಕೇಳಿದರು. ಆಗ ಮಾಮ ನಾನು ಎಣಿಸದ ಕೆಲಸ ಮಾಡಿದ. ಫೈಲು ತೆಗೆದು, ಆರುನೂರ ಹನ್ನೆರಡರ ಹಾಳೆ ಬಿಡಿಸಿ ಅವರ ಮುಂದಿಟ್ಟ. ಇದು ಪರದೇಶದ ಕೆರೆ, ನಾನು ಹುಡುಗನಾಗಿದ್ದಾಗ ಕ್ಯಾಲೆಂಡರಿನಲ್ಲಿದ್ದ ಇದನ್ನೇ ನೋಡಿ ಬರೆದೆ, ನೀವೆಲ್ಲ ಹರಿಹರದ ಹೊಳೆ ಅಂದಿರಿ, ನಾನು ಇಲ್ಲ ಅನ್ನಲಿಲ್ಲ ಅಂತ ಒಂದೇ ಉಸಿರಿಗೆ ಹೇಳಿದ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಯಜಮಾನರು ಆ ಸಣ್ಣ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಹಿಮದ ಮೇಲೆ ಉಗುರಿಟ್ಟು, ಇದೇನು ಸುಣ್ಣ ಬಳಿದಂಗೆ ಅಂದರು. ತೆಂಗಿನ ಮರ ಎಲ್ಲಿ ಅಂದರು. ಆಮೇಲೆ ಫೈಲು ಮುಚ್ಚಿ ಮಾಮನ ಕಡೆ ಸರಿಸಿದರು.

“ಇದು ಅಲ್ಲ ಬಿಡ್ರಿ ಆರ್ಟಿಸ್ಟ್ರೇ. ಅವ್ರು ಯಾರೋ ನಿಮ್ದು ನೋಡಿ ತೆಗೆದಾರ, ಸರಿಯಾಗಿ ಬಂದಿಲ್ಲ.”

ಅವರಿಗೆ ಕಂಪ್ಯೂಟರಿನ ಕೆರೆಯೂ ಬೇಡ, ಆ ಮರಳು ಎಮ್ಮೆಗಳೂ ಬೇಡ. ಮಾಮನ ಕೈಯ ಹೊಳೆಯೇ ಬೇಕು. ಸ್ಟಿಕ್ಕರ್ ಆಗದಿದ್ದರೆ ಹೋಗಲಿ, ಹತ್ತು ದಿನ ಬಸ್ಸು ನಿಲ್ಲಿಸುತ್ತೇನೆ, ಕುಂಚದಿಂದಲೇ ಬರೆದುಕೊಡಿ ಅಂದುಬಿಟ್ಟರು. ಗಾಡಿ ನಿಲ್ಲಿಸಲಾರೆ ಅಂದ ಮನುಷ್ಯ. ಅವರು ಹೋದ ಮೇಲೆ ನಾನೂ ಮಾಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ಸತ್ಯ ಹೇಳಿದರೂ ನಂಬದವರನ್ನು ಏನು ಮಾಡುವುದು? ಆದರೆ ನಕ್ಕು ಮುಗಿದ ಮೇಲೆ ಮಾಮ ಆ ನಾಲ್ಕನೇ ಹಾಳೆಯನ್ನು ಮಡಚದೆ, ಗೋಡೆಗೆ ಒರಗಿಸಿಟ್ಟು ಬಹಳ ಹೊತ್ತು ನೋಡುತ್ತಾ ನಿಂತಿದ್ದ.

ಹರಿಹರದ ಒಂದು ಗ್ಯಾರೇಜಿನ ಶೆಡ್ಡಿನಲ್ಲಿ ಬಸ್ಸು ನಿಂತಿತು. ಅಂಗಡಿ ನಾನೊಬ್ಬಳೇ ನೋಡಿಕೊಂಡೆ. ಐದನೇ ದಿನ ಅತ್ತೆ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಹಿಡಿದು ಶೆಡ್ಡಿಗೆ ಹೋದೆ. ಬಲಪಕ್ಕ ಪೂರ್ತಿಯಾಗಿತ್ತು, ನೀಲಿ ಬೆಟ್ಟ, ಹೆಂಚಿನ ಮನೆ, ಹಾಯಿ ದೋಣಿ, ಯಾವತ್ತಿನದೇ ಹೊಳೆ, ಯಾವತ್ತಿಗಿಂತ ಚೆನ್ನಾಗಿ. ಸುತ್ತಿಕೊಂಡು ಎಡಪಕ್ಕಕ್ಕೆ ಬಂದರೆ ಆಕಾಶದ ಕೆಳಗೆ ಬೆಟ್ಟವಿರಲಿಲ್ಲ. ಸೇತುವೆಯ ಗೆರೆ ಎದ್ದಿತ್ತು, ಅದರ ಕೆಳಗೆ ಬಯಲೋ ಬಯಲು ಮರಳು. ಯಜಮಾನರಿಗೆ ಹೇಳಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದ.

“ಆ ಕಡೆ ಅವ್ರು ಕೇಳಿದ್ದು, ಈ ಕಡೆ ನಾನು ನೋಡಿದ್ದು. ಬ್ಯಾಡ ಅಂದ್ರೆ ಇದರ ಮ್ಯಾಲೇ ಅದನ್ನ ಬರೀತೀನಿ.”

ಸಲೀಸಾಗಿ ಹೇಳಿದ, ಆದರೆ ಅವನ ಕಣ್ಣು ನನ್ನ ಕಡೆ ಇರಲಿಲ್ಲ. ಬೇಡ ಅಂದರೆ ಅವನು ಅಳಿಸುತ್ತಾನೆ, ಅಳಿಸಿದ ಮೇಲೆ ಇನ್ನೊಮ್ಮೆ ಹೊಳೆಯ ಹತ್ತಿರ ಹೋಗುವವನಲ್ಲ ಅಂತ ನನಗೆ ಗೊತ್ತಿತ್ತು. ಮುಂದೆ ಕುಂಚದ ಕೆಲಸ ಹುಡುಕಿಕೊಂಡು ಬರುವವರೂ ಇಲ್ಲ. ನಾನು ಬುತ್ತಿ ಇಟ್ಟು, ಡಬ್ಬಿಗಳ ಮುಚ್ಚಳ ತೆಗೆದುಕೊಟ್ಟು ಬಂದೆ.

ಹತ್ತನೇ ದಿನ ಬೆಳಿಗ್ಗೆ ಯಜಮಾನರು ಗಾಡಿ ತಗೊಳ್ಳಲು ಬಂದರು. ಪೂಜೆ ಮಾಡಿಸಿಕೊಂಡೇ ಹೋಗೋಣವೆಂದು ತಾಯಿಯನ್ನೂ ಕರೆತಂದಿದ್ದರು. ಎಂಬತ್ತರ ಹತ್ತಿರದ ಅಜ್ಜಿ, ಹಣೆ ತುಂಬ ವಿಭೂತಿ, ಕೈಯಲ್ಲಿ ತೆಂಗಿನಕಾಯಿಯ ಚೀಲ. ಅವರನ್ನು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಯಜಮಾನರು ಬಸ್ಸಿನ ಬಲಪಕ್ಕದಿಂದ ನೋಡುತ್ತಾ ಹೊರಟರು. ಅಲ್ಲಿ ಅವರ ಮುಖ ಅರಳಿತು. ದೋಣಿಯನ್ನು ಬೆರಳಲ್ಲಿ ತೋರಿಸಿ ಡ್ರೈವರಿಗೆ ಏನೋ ಹೇಳಿದರು. ಆಮೇಲೆ ಎಡಪಕ್ಕಕ್ಕೆ ಬಂದವರು ನಿಂತುಬಿಟ್ಟರು. ಮಾಮ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಬೆರಳುಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

ಯಜಮಾನರು ಸಿಟ್ಟು ಮಾಡಲಿಲ್ಲ, ಅವರದು ಆ ಸ್ವಭಾವವಲ್ಲ. ಎರಡೂ ಕಡೆ ಹೊಳೆ ಅಂತ ತಾನೇ ಮಾತಾಗಿದ್ದು, ಅದೂ ಜನ ಹತ್ತುವ ಬಾಗಿಲ ಕಡೆಗೇ ಹೀಗೆ ಮಾಡಿದಿರಲ್ಲ ಅಂತ ಬೇಸರದಲ್ಲಿ ಅಂದರು. ಮಾಮ ತಲೆ ತಗ್ಗಿಸಿ, ನಾಲ್ಕು ದಿನ ಕೊಡಿ, ಸರಿ ಮಾಡುತ್ತೇನೆ ಅಂದ. ಬಗ್ಗಿ ನೀಲಿ ಬಣ್ಣದ ಡಬ್ಬಿ ಎತ್ತಿಕೊಂಡೇಬಿಟ್ಟ. ನನಗೆ ಇಬ್ಬರ ಮೇಲೂ ಎಷ್ಟು ಕೋಪ ಬಂತೆಂದರೆ ಶೆಡ್ಡಿನಿಂದ ಹೊರಗೆ ಹೋಗುವವಳಿದ್ದೆ.

ಅಷ್ಟರಲ್ಲಿ ಅಜ್ಜಿ ಎದ್ದು ಬಂದಿದ್ದರು. ಯಾರೂ ಕರೆದಿರಲಿಲ್ಲ, ಕಾಯಿ ಎಲ್ಲಿ ಒಡೆಯಬೇಕು ಅಂತ ಕೇಳಲು ಬಂದವರು. ಎಡಪಕ್ಕದ ಚಿತ್ರದ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ಹತ್ತಿರ ಹೋಗಿ, ಮತ್ತೆ ಹಿಂದೆ ಸರಿದರು. ಅವರ ತವರು ಹರಿಹರ ಅಂತ ಆಮೇಲೆ ಗೊತ್ತಾಯಿತು. ಲಗ್ನವಾಗಿ ಸಾರಥಿಗೆ ಹೋಗುವವರೆಗೆ ದಿನಾ ಹೊಳೆಗೆ ಹೋಗಿ ಬಂದವರು. ಅವರು ಮಗನ ತೋಳು ಹಿಡಿದು ಎಳೆದು, ಚಿತ್ರದ ಒಂದು ಮೂಲೆಗೆ ಕೈ ಮಾಡಿದರು.

“ಇಲ್ಲೇ ಅಲ್ಲೇನೋ, ನಾನೂ ನಿಮ್ಮ ದೊಡ್ಡವ್ವನೂ ಅರಿವಿ ಒಗೀತಿದ್ದದ್ದು. ಬೇಸಿಗ್ಯಾಗ ನೀರು ಹಿಂಗೇ ಈ ಕಡೀಗೆ ಸರೀತಿತ್ತು.”

ಯಜಮಾನರು ತಾಯಿಯ ಬೆರಳು ಹೋದ ಕಡೆಯೆಲ್ಲ ನೋಡಿದರು. ಅವರು ಹೊಳೆ ನೋಡಿದ್ದೆಲ್ಲ ಬಹುಶಃ ಲಾರಿಗಳ ಹಿಂದಿನ ಚಿತ್ರದಲ್ಲಿ, ನನ್ನ ಹಾಗೆ. ಆಮೇಲೆ ಮಾಮನ ಕೈಯಿಂದ ನೀಲಿ ಡಬ್ಬಿ ತಗೊಂಡು ನೆಲದ ಮೇಲಿಟ್ಟರು, ಇರಲಿ ಬಿಡಿ ಅಂದರು. ಮಾಮನ ಕಣ್ಣು ತುಂಬಿತ್ತು, ನಾನು ಅತ್ತಿದ್ದಂತೂ ಎಲ್ಲರಿಗೂ ಕಂಡಿತು. ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಅವರು ಮಾಮನ ಕಡೆ ತಿರುಗಿ, ಮುಖವನ್ನು ಹತ್ತಿರದಿಂದ ನೋಡಿ ಕೇಳಿದರು.

“ನೀನು ಹೊಳೆ ದಂಡ್ಯಾಗ ಬೆಳೆದವನು ಇರಬೇಕು. ಯಾರ ಮಗನಪ್ಪಾ ನೀನು?”

ಮೂವತ್ತು ವರ್ಷ ಎಲ್ಲರಿಗೂ ಆರ್ಟಿಸ್ಟ್ರು ಆಗಿದ್ದ ನನ್ನ ಮಾಮ ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತು, ತನ್ನ ಅಪ್ಪನ ಹೆಸರು ಹೇಳಿದ, ಆಮೇಲೆ ಓಣಿಯದು.